ಮಾಳಿಗೆಯ ಮೇಲಿನ ದಾರಿ

ನಮ್ಮ ಟಿವಿ ಚಾನೆಲ್ಲಿನ ನೇರ ಪ್ರಸಾರದ ಗಾಡಿ, ಓಬಿ ವ್ಯಾನಿನ ನೆತ್ತಿಯ ಮೇಲೆ ಕೂತಿರುವ ಡಿಶ್ ಚಾಲೂ ಇದ್ದಾಗಲೂ ಹಾಗೇ ಕಾಣುತ್ತದೆ, ಬಂದ್ ಇದ್ದಾಗಲೂ ಹಾಗೇ ಕಾಣುತ್ತದೆ. ಬೆಳಕಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ಸದ್ದು ಮಾಡುವುದು ಜನರೇಟರ್. ಜನ ಅದಕ್ಕೆ ಹೆದರಿ ದೂರ ನಿಲ್ಲುತ್ತಾರೆ, ನಿಜವಾಗಿ ಹೆದರಬೇಕಾದ್ದರ ಮುಂದೆ ಬಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಡಿಶ್‌ನಿಂದ ಉಪಗ್ರಹದ ಕಡೆಗೆ ಹೊರಡುವ ರೇಡಿಯೋ ಅಲೆ ಎಕ್ಸ್‌ರೇ ಅಲ್ಲ. ಅದು ಎದುರಿಗೆ ಸಿಕ್ಕ ಮೈಯನ್ನು ಬಿಸಿ ಮಾಡುತ್ತದೆ, ಅಡುಗೆ ಮನೆಯ ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವ ಹಾಗೆ. ಬೇರೆ ಅಂಗಗಳ ಬಿಸಿಯನ್ನು ಹರಿಯುವ ರಕ್ತ ಒಯ್ದುಬಿಡುತ್ತದೆ. ಕಣ್ಣಿನ ಮಸೂರಕ್ಕೆ ಆ ಅನುಕೂಲವಿಲ್ಲ, ಅದು ಕಾದರೆ ಪೊರೆ ಬರಬಹುದು. ಅದಕ್ಕೇ ನಮಗೆ ತರಬೇತಿಯ ಮೊದಲ ದಿನವೇ ಹೇಳಿಕೊಡುವುದು: ಡಿಶ್‌ನ ಮುಂದೆ ಮನುಷ್ಯ ಕಂಡರೆ ಮೊದಲು ಬಂದ್ ಮಾಡು, ಆಮೇಲೆ ಯೋಚಿಸು.

ನಿಡೋಣಿಯಲ್ಲಿ ನಾನು ಹಾಗೇ ಮಾಡಿದೆ. ಯೋಚಿಸುವ ಕೆಲಸ ಮಾತ್ರ ಇವತ್ತಿಗೂ ಮುಗಿದಿಲ್ಲ.

ಆ ಸಲ ನಾವು ತಿಕೋಟಾದಲ್ಲಿದ್ದೆವು. ದ್ರಾಕ್ಷಿ ಬೆಳೆಗಾರರ ಸಭೆ ಊರ ಹೊರಗಿನ ಬಯಲಿನಲ್ಲಿತ್ತು. ಒಣದ್ರಾಕ್ಷಿಯ ಶೆಡ್ಡುಗಳು ಬಿಟ್ಟರೆ ಸುತ್ತ ಎತ್ತರದ್ದೇನೂ ಇರಲಿಲ್ಲ. ಇಂಥ ಜಾಗದಲ್ಲಿ ನನ್ನ ಕೆಲಸ ಸಲೀಸು. ಗಾಡಿ ನಿಲ್ಲಿಸಿ ಜಾಕ್ ಇಳಿಸುವುದು, ನೆಲಕ್ಕೆ ಅರ್ಥಿಂಗ್ ಸಲಾಕೆ ಹೊಡೆಯುವುದು, ದಿಕ್ಸೂಚಿ ಹಿಡಿದು ಆಗ್ನೇಯ ದಿಕ್ಕಿಗೆ ಮರ, ತಂತಿ, ಕಟ್ಟಡ ಇಲ್ಲವೆಂದು ಖಾತ್ರಿ ಮಾಡಿಕೊಂಡು ಡಿಶ್ ಎತ್ತುವುದು. ಉಪಗ್ರಹ ಸಿಕ್ಕ ಮೇಲೆ ಅದರ ನಿಯಂತ್ರಣ ಕೇಂದ್ರಕ್ಕೆ ಫೋನ್ ಹಚ್ಚಿ ಅನುಮತಿ ಕೇಳಬೇಕು. ಅವರು ಹೂಂ ಅಂದ ಮೇಲೇ ನಮ್ಮ ಅಲೆ ಮೇಲಕ್ಕೆ ಹೋಗಬೇಕು. ಸಭೆ ಮುಗಿದು ಜಾಕ್ ಎತ್ತುವಷ್ಟರಲ್ಲಿ ಬೆಂಗಳೂರಿನ ನಮ್ಮ ಚಾನೆಲ್ಲಿನ ಕಂಟ್ರೋಲ್ ರೂಮಿನಿಂದ ಫೋನ್ ಬಂತು. ನಾಳೆ ಮಧ್ಯಾಹ್ನ ನಿಡೋಣಿಯಿಂದ ನೇರ ಪ್ರಸಾರ.

ವಿಷಯ ಇಷ್ಟು. ನಿಡೋಣಿಯ ಒಬ್ಬ ಜೆಸಿಬಿ ಆಪರೇಟರ್ ಕೊಲ್ಲಿ ದೇಶಕ್ಕೆ ದುಡಿಯಲು ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಅವನ ಕಂಪನಿ ಮುಚ್ಚಿತ್ತು, ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿತ್ತು. ಕೆಲವು ವಾರಗಳಿಂದ ಅವನ ಫೋನೂ ಹತ್ತುತ್ತಿರಲಿಲ್ಲ. ಊರಲ್ಲಿ ಇದ್ದವರು ಅವನ ಹೆಂಡತಿ ಮತ್ತು ತಾಯಿ. ಇಂಥವರನ್ನು ವಾಪಸ್ ಕರೆಸಬಲ್ಲ ಮಂತ್ರಿಯೊಬ್ಬರು ಮರುದಿನ ನಮ್ಮ ಸ್ಟುಡಿಯೋಕ್ಕೆ ಬರುವವರಿದ್ದರು. ಅವನ ಹೆಂಡತಿ ಅವರೊಂದಿಗೆ ನೇರವಾಗಿ ಮಾತಾಡಿ, ಲಕ್ಷಾಂತರ ಜನರೆದುರು ಅವರಿಂದ ಒಂದು ಮಾತು ತೆಗೆದುಕೊಂಡರೆ ಕಡತ ಓಡುತ್ತದೆ ಎಂಬುದು ನಮ್ಮ ವಿಜಯಪುರದ ವರದಿಗಾರ್ತಿಯ ಲೆಕ್ಕ. ಅವಳ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಬೆನ್ನಿಗೆ ಹಾಕಿಕೊಂಡು ಮೊಬೈಲ್ ನೆಟ್‌ವರ್ಕ್‌ನಲ್ಲೇ ಚಿತ್ರ ಕಳಿಸುವ ಪೆಟ್ಟಿಗೆ ಅವಳ ಬಳಿ ಇತ್ತು. ಆದರೆ ಹಿಂಗಾರಿ ಮಳೆಗೆ ಆ ಭಾಗದ ಟವರ್ ಸೊರಗಿ, ಮಾತಿನ ಕರೆಯೇ ಒಮ್ಮೆ ಸಿಕ್ಕರೆ ಒಮ್ಮೆ ಇಲ್ಲ. ಹೀಗಾಗಿ ನಮ್ಮ ಹಳೆ ಗಾಡಿಗೆ ಬುಲಾವು ಬಂತು.

ಮರುದಿನ ಬಬಲೇಶ್ವರ ದಾಟಿ ನಿಡೋಣಿ ಮುಟ್ಟಿದಾಗ ಬಿಸಿಲು ಏರಿತ್ತು. ಮೊದಲು ಊರ ಪಕ್ಕದ ಹೊಲದಲ್ಲಿ ಗಾಡಿ ನಿಲ್ಲಿಸೋಣವೆಂದೆ. ನಾನು ವಿಜಯಪುರದ ಪಕ್ಕದ ತೊರವಿಯವನು, ಎರೆ ಮಣ್ಣು ಮಳೆ ಕುಡಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲೆ ಒಣಗಿದ ಹಾಗೆ ಕಂಡಿತು, ನಂಬಿದೆ. ಹಿಂದಿನ ಗಾಲಿ ಅಚ್ಚಿನವರೆಗೆ ಇಳಿಯಿತು. ಟ್ರ್ಯಾಕ್ಟರ್ ತಂದು ಎಳೆಸುವುದರಲ್ಲಿ ನಮ್ಮ ಸಮಯವೆಲ್ಲ ಹೋಯಿತು.

"ಸರ, ನೀವು ಇದ ಮಣ್ಣಾಗ ಹುಟ್ಟೀರಿ ಅಂತ ಯಾರ ಮುಂದೂ ಹೇಳಬ್ಯಾಡ್ರಿ," ಎಂದ ನಮ್ಮ ಡ್ರೈವರ್, ಕೆಸರು ಕೆರೆಯುತ್ತ.

ಇನ್ನುಳಿದದ್ದು ಆ ಹೆಣ್ಣುಮಗಳ ಮನೆಯ ಓಣಿ. ಒಂದು ಮಗ್ಗುಲಲ್ಲಿ ಬೇವಿನ ಮರ ಮತ್ತು ಕರೆಂಟಿನ ತಂತಿ, ಇನ್ನೊಂದು ಮಗ್ಗುಲಲ್ಲಿ ಸಾಲಾಗಿ ಚಪ್ಪಟೆ ಛಾವಣಿಯ ಮಾಳಿಗೆ ಮನೆಗಳು. ಸಾಲಿನ ಮೊದಲ ಮನೆ ಎರಡು ಅಂತಸ್ತಿನದು, ಮುಂದಿನವು ಒಂದೊಂದು ಅಂತಸ್ತಿನವು, ಅವಳ ಮನೆ ಸಾಲಿನ ಕೊನೆಯದು. ಗಾಡಿ ನಿಲ್ಲುವಷ್ಟು ಅಗಲವಿದ್ದದ್ದು ಎರಡು ಅಂತಸ್ತಿನ ಮನೆಯ ಎದುರು ಮಾತ್ರ. ಅಲ್ಲಿ ನಿಲ್ಲಿಸಿದರೆ ಡಿಶ್‌ನ ಮುಖ ಸರಿಯಾಗಿ ಆ ಮನೆಯ ಮೇಲ್ಮಾಳಿಗೆಯ ಅಂಚನ್ನು ಸವರಿಕೊಂಡು ಆಕಾಶ ನೋಡುತ್ತಿತ್ತು. ಅಲೆ ಮಾಳಿಗೆಗೆ ತಾಕುವುದಿಲ್ಲ. ಆದರೆ ಯಾರಾದರೂ ಅಂಚಿಗೆ ಬಂದು ನಿಂತರೆ ಎದೆಯಿಂದ ಮೇಲಿನದೆಲ್ಲ ಅದರೊಳಗೆ.

ಇಂಥ ಜಾಗ ಬೇಡವೆಂದು ಹೇಳುವ ಅಧಿಕಾರ ನನಗಿತ್ತು. ವರದಿಗಾರ್ತಿ ನನ್ನ ಮುಖ ನೋಡಿದಳು. ಅವಳ ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತ ಆ ಹೆಣ್ಣುಮಗಳೂ ನೋಡಿದಳು. ಮಾಳಿಗೆ ಖಾಲಿ ಇಡಿಸಿದರೆ ಆಗುತ್ತದೆ ಎಂದೆ.

ಆ ಎರಡು ಅಂತಸ್ತಿನ ಮನೆಯ ಯಜಮಾನರು ಒಳ್ಳೆ ಮನುಷ್ಯ. ನನ್ನನ್ನು ಮೇಲ್ಮಾಳಿಗೆಗೆ ಕರೆದೊಯ್ದರು. ಪರೀಕ್ಷೆಗೆಂದು ನಿಯಂತ್ರಣ ಕೇಂದ್ರದ ಒಪ್ಪಿಗೆ ಪಡೆದು, ಅಲೆಗೆ ಬಲ ಕೊಡುವ ಆಂಪ್ಲಿಫೈಯರ್‌ನ ಶಕ್ತಿಯನ್ನು ತೀರ ಕಡಿಮೆ ಇರಿಸಿ, ಅಲೆ ಅಳೆಯುವ ಕೈಮೀಟರ್ ಹಿಡಿದು ಅಂಚಿನ ಕಡೆ ಕೈ ಚಾಚಿದೆ. ಮೀಟರ್ ಚೀರಿತು. ಹಿಂದೆ ಸರಿದೆ, ಸುಮ್ಮನಾಯಿತು. ಅಂಚಿನಿಂದ ಒಂದು ಮಂಚದಷ್ಟು ಒಳಗೆ ಬಂದರೆ ಅಪಾಯವಿಲ್ಲ. ಪಕ್ಕದ ಮನೆಯ ಮಾಳಿಗೆ ಒಂದಾಳು ಕೆಳಗಿತ್ತು, ಅಲ್ಲಿ ಮೆಣಸಿನಕಾಯಿ ಒಣಹಾಕಿದ್ದರು.

"ಕಾಕಾ, ಇಲ್ಲಿಗೆ ಬರಾಕ ಬ್ಯಾರೆ ದಾರಿ ಐತೇನ್ರಿ?"

"ಎಲ್ಲೀದ್ರಿ? ಇದೊಂದ ನಿಚ್ಚಣಿಕಿ ಬಾಗಲಾ. ಕೀಲಿ ಹಾಕಿ ನಿಮ್ಮ ಕೈಯಾಗ ಕೊಡ್ತೇನಿ ತಗೋರಿ."

ಕೊಟ್ಟರು. ಕೀಲಿಕೈ ನನ್ನ ಅಂಗಿ ಕಿಸೆಗೆ ಹೋಯಿತು. ಅದಿದೆಯಲ್ಲ ಎಂಬ ಧೈರ್ಯಕ್ಕೆ ನಾನು ಆಮೇಲೆ ಬಹಳ ಸಲ ಬೈದುಕೊಂಡಿದ್ದೇನೆ.

ಕೆಳಗೆ ಬಂದು ಗಾಡಿಯ ಸುತ್ತ ಹಗ್ಗ ಕಟ್ಟಿ, ಎಚ್ಚರಿಕೆಯ ಫಲಕ ತೂಗಿಹಾಕಿದೆವು. ಮಾಳಿಗೆಯ ನಿಚ್ಚಣಿಕೆ ಬಾಗಿಲಿಗೆ ಡ್ರೈವರನ್ನು ಕಾವಲು ಕೂರಿಸಿದೆ. ಓಣಿಯ ಜನ ಸೇರಿದ್ದರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬಾಗಿಲುಗಳ ಒಳಗೆ. ಅವರಿಗೆಲ್ಲ ತಿಳಿಯುವ ಹಾಗೆ ಹೇಳಬೇಕಲ್ಲ ಎಂದು ಜೋರು ದನಿಯಲ್ಲಿ ಹೇಳಿದೆ:

"ನೋಡ್ರಿ, ನಮ್ಮ ತಂಗಿ ಆ ಮನಿ ಮುಂದ ಕುಂತು ಮಾತಾಡ್ತಾಳ. ಮಾತು ವಾಯರಿನ್ಯಾಗ ಇಲ್ಲಿಗೆ ಬರ್ತದ. ಇಲ್ಲಿಂದ ಈ ಛತ್ರಿ ಅದನ್ನ ಆಕಾಶಕ್ಕ ಒಗೀತದ. ಅಲ್ಲಿಂದ ಎಲ್ಲಾ ದೇಶಕ್ಕೂ ಹೋಗ್ತದ. ಅದಕ್ಕ ಈ ಛತ್ರಿ ಮುಂದ ಯಾರೂ ನಿಂದರಬಾರ್ದ್ರಿ."

ನನ್ನ ಮಟ್ಟಿಗೆ ಒಳ್ಳೆಯ ಭಾಷಣ. ಸುರಕ್ಷತೆಯ ಪುಸ್ತಕದ ಹತ್ತು ಪುಟವನ್ನು ನಾಲ್ಕು ಮಾತಿಗೆ ಇಳಿಸಿದ್ದೆ.

ಇತ್ತ ಕೊನೆಯ ಮನೆಯ ಎದುರು ವರದಿಗಾರ್ತಿ ಕುರ್ಚಿ ಹಾಕಿಸಿದ್ದಳು, ಒಂದೇ ಒಂದು. ತಾಯಿಯನ್ನೂ ಕೂರಿಸಬಾರದೇ ಎಂದು ಯಾರೋ ಕೇಳಿದರು. ತಾಯಿಗೆ ಕಿವಿ ಮಂದ. ಸ್ಟುಡಿಯೋದವರು ಕೇಳಿದ್ದು ಕೇಳಿಸುವುದಿಲ್ಲ, ಸಿಕ್ಕ ಸಮಯ ಬಹಳ ಸ್ವಲ್ಪ, ಒಬ್ಬರೇ ಮಾತಾಡಲಿ ಎಂದು ಬೆಂಗಳೂರಿನವರು ಮೊದಲೇ ಹೇಳಿದ್ದರು. ಅದೂ ಸರಿಯಾದ ಮಾತೇ. ಆ ದಿನ ಎಲ್ಲರೂ ಸರಿಯಾದ ಮಾತನ್ನೇ ಆಡಿದರು. ಓಣಿಯವರೆಲ್ಲ ಆಯಿ ಎನ್ನುತ್ತಿದ್ದ ಆ ತಾಯಿ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ಕೂತಿದ್ದಳು. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ದಪ್ಪ ಕನ್ನಡಕ ಹಾಕಿದ್ದಳು. ನಾನು ಮೈಕಿನ ವಾಯರ್ ಎಳೆಯಲು ಹೋದಾಗ ಕೈ ಸನ್ನೆಯಿಂದ ನನ್ನನ್ನು ಕರೆದು, ನೀರು ಬೇಕೇನು ಎಂದು ಕೇಳಿದಳು.

ಕಾರ್ಯಕ್ರಮ ಶುರುವಾಯಿತು. ಪ್ರಸಾರಕ್ಕೆ ನಿಯಂತ್ರಣ ಕೇಂದ್ರದ ಅನುಮತಿ ಬಹಳ ಸಲ ಫೋನ್ ಒತ್ತಿದ ಮೇಲೆ ಸಿಕ್ಕಿತು. ಅಲೆ ಮೇಲಕ್ಕೆ ಹೋಯಿತು, ಚಿತ್ರ ಚೆನ್ನಾಗಿದೆ ಎಂದರು. ಅಷ್ಟರಲ್ಲಿ ಮಮದಾಪುರದ ದಿಕ್ಕಿನಿಂದ ಮೋಡ ಏರತೊಡಗಿತು. ಮಳೆಮೋಡ ಅಡ್ಡ ಬಂದರೆ ಸಿಗ್ನಲ್ ಬಳಲುತ್ತದೆ. ಆಗ ನಾವು ಆಂಪ್ಲಿಫೈಯರ್‌ನ ಶಕ್ತಿ ಹೆಚ್ಚಿಸುತ್ತೇವೆ. ಹೆಚ್ಚಿಸಿದೆ. ಮಂತ್ರಿಗಳು ಬೇರೆ ಊರಿನವರ ಅಹವಾಲು ಕೇಳುತ್ತಿದ್ದರು. ನಮ್ಮ ಹೆಣ್ಣುಮಗಳ ಕಿವಿಯಲ್ಲಿ ಸ್ಟುಡಿಯೋದ ಸದ್ದು ಬರುತ್ತಿತ್ತು. ಆಕೆಯ ಸರದಿ ಬಂತು.

"ನಮಸ್ಕಾರ್ರೀ ಸಾಹೇಬ್ರ," ಎಂದಳು. ದನಿ ನಡುಗಲಿಲ್ಲ. ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಹೇಳಿಕೊಂಡು ಹೇಳಿಕೊಂಡು ಗಟ್ಟಿ ಮಾಡಿಕೊಂಡಿದ್ದಳು.

ಮೋಡ ಎಲ್ಲಿಗೆ ಬಂತೆಂದು ನೋಡಲು ನಾನು ವ್ಯಾನಿನಿಂದ ಇಳಿದೆ. ತಲೆ ಎತ್ತಿದೆ. ಮೇಲ್ಮಾಳಿಗೆಯ ಅಂಚಿನಲ್ಲಿ ಆಯಿ ನಿಂತಿದ್ದಳು.

ಡಿಶ್‌ಗೆ ಮುಖ ಮಾಡಿ, ಎರಡೂ ಕೈ ಅಂಚಿನ ಗೋಡೆಯ ಮೇಲಿಟ್ಟು, ತುಸು ಮುಂದೆ ಬಾಗಿ ನಿಂತಿದ್ದಳು. ತುಟಿಗಳು ಆಡುತ್ತಿದ್ದವು.

"ಯಮ್ಮಾ! ಹಿಂದ ಸರೀಬೇ! ಹಿಂದ ಸರಿ!" ಎಂದು ಕೂಗಿದೆ. ಜನರೇಟರ್ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ, ಆಕೆಯ ಮಂದ ಕಿವಿಗೆ ಏನು ಕೇಳೀತು. ಕೈ ಬೀಸಿದೆ, ನೋಡಲಿಲ್ಲ. ಕೀಲಿ ತೆಗೆದು ಮೇಲೆ ಓಡಿದರೆ ಅಷ್ಟು ಹೊತ್ತೂ ಆಕೆಯ ಕಣ್ಣು ಅಲೆಯ ಬಾಯಲ್ಲೇ. ಶಕ್ತಿ ಇಳಿಸಿದರೆ ಮೋಡದಲ್ಲಿ ಸಿಗ್ನಲ್ ಹೇಗೂ ಕಡಿಯುತ್ತದೆ. ವ್ಯಾನಿನ ಒಳಗೆ ಹೋಗಿ ಅಲೆಯನ್ನು ತಡೆಹಿಡಿಯುವ ಗುಂಡಿ ಒತ್ತಬಹುದಿತ್ತು, ಹಾಗೆ ಮಾಡಿದರೆ ಮತ್ತೆ ಕೂಡಲೇ ಶುರುಮಾಡಲು ಬರುತ್ತದೆ. ಆದರೆ ಆ ಗುಂಡಿ ಒಳಗಿತ್ತು, ನಾನು ಹೊರಗಿದ್ದೆ. ಹಿಂಬಾಗಿಲ ಪಕ್ಕದಲ್ಲಿ ಕೈಗೆ ಸಿಗುವ ಹಾಗೆ ಇದ್ದದ್ದು ಕೆಂಪು ಗುಂಡಿ. ಮನುಷ್ಯ ಎದುರಿಗೆ ಸಿಕ್ಕರೆ ಅದನ್ನೇ ಒತ್ತಬೇಕೆಂದು ನಿಯಮ.

ಒತ್ತಿದೆ. ಆಂಪ್ಲಿಫೈಯರ್ ಪೂರ್ತಿ ಆರಿತು.

ಕೀಲಿ ತೆಗೆದು ನಿಚ್ಚಣಿಕೆ ಹತ್ತಿ ಮೇಲೆ ಹೋದೆ. ನನ್ನನ್ನು ಕಂಡ ಮೇಲೆ ಆಯಿ ಸೆರಗು ಎಳೆದುಕೊಂಡು ಸುಮ್ಮನಾದಳು. ಕೈ ಹಿಡಿದು ಹಿಂದೆ ಕರೆತಂದೆ. ಮುಖ ಬೆಚ್ಚಗಿತ್ತು, ಬಿಸಿಲಿಗೋ ಅಲೆಗೋ ಹೇಳಲಾರೆ.

ಕೆಳಗೆ ಏನಾಗಿತ್ತೆಂದು ವರದಿಗಾರ್ತಿ ಆಮೇಲೆ ಹೇಳಿದಳು. ಇಲ್ಲಿಂದ ಕಳಿಸುವುದು ನಿಂತಿತ್ತು, ಅಲ್ಲಿಂದ ಬರುವುದು ನಿಂತಿರಲಿಲ್ಲ. ಆ ಹೆಣ್ಣುಮಗಳು ಗಂಡನ ಹೆಸರು, ಕಂಪನಿಯ ಹೆಸರು, ಪಾಸ್‌ಪೋರ್ಟಿನ ಸಂಗತಿ ಎಲ್ಲವನ್ನೂ ಹೇಳುತ್ತಲೇ ಇದ್ದಳಂತೆ. ಕಿವಿಯಲ್ಲಿ ಮಾತ್ರ, "ವಿಜಯಪುರದ ಸಂಪರ್ಕ ಕಡಿತವಾಗಿದೆ, ಮುಂದಿನವರ ಕಡೆ ಹೋಗೋಣ" ಎಂದು ಕೇಳಿತು. ಆಗ ಹೇಳುವುದನ್ನು ನಿಲ್ಲಿಸಿ, ವರದಿಗಾರ್ತಿಯ ಕಡೆ ತಿರುಗಿ, "ಅಕ್ಕಾರ, ನಾ ಏನರ ತಪ್ಪ ಅಂದ್ನೇನ್ರಿ?" ಎಂದು ಕೇಳಿದಳಂತೆ.

ಆಂಪ್ಲಿಫೈಯರ್ ಒಮ್ಮೆ ಪೂರ್ತಿ ಆರಿದರೆ ಮತ್ತೆ ಕಾದು ಸಿದ್ಧವಾಗುವವರೆಗೆ ಸುಮ್ಮನೆ ನೋಡುತ್ತ ಕೂರಬೇಕು. ಆಮೇಲೆ ನಿಯಂತ್ರಣ ಕೇಂದ್ರದ ಅನುಮತಿಯನ್ನು ಮತ್ತೆ ಕೇಳಬೇಕು. ವರದಿಗಾರ್ತಿ ಸ್ಟುಡಿಯೋಕ್ಕೆ ಫೋನ್ ಒತ್ತುತ್ತಲೇ ಇದ್ದಳು, ಒಂದೂ ಹತ್ತಲಿಲ್ಲ. ನಮ್ಮ ಅಲೆ ಎರಡನೇ ಸಲ ಮೇಲೇರಿದಾಗ ಮಂತ್ರಿಗಳು ಎದ್ದು ಹೋಗಿದ್ದರು. ಮುಂದಿನ ವಾರ ಖಂಡಿತ ಕೂರಿಸೋಣ ಎಂದು ಬೆಂಗಳೂರಿನವರು ಹೇಳಿದರು. ಮುಂದಿನ ವಾರ ಅವರಿಗೆ ಬೇರೆ ದೊಡ್ಡ ಸುದ್ದಿ ಸಿಕ್ಕಿತು.

ಡಿಶ್ ಮಡಚುವ ಮೊದಲು ನಾನು ಮತ್ತೆ ಮಾಳಿಗೆ ಹತ್ತಿ, ಆಯಿ ಬಂದದ್ದು ಹೇಗೆಂದು ಹುಡುಕಿದೆ. ಪಕ್ಕದ ಮಾಳಿಗೆಯ ಕಡೆ ಬಗ್ಗಿ ನೋಡಿದರೆ ಗೋಡೆಯಿಂದ ಕಲ್ಲುಗಳು ಚಾಚಿಕೊಂಡಿದ್ದವು, ಒಂದರ ಮೇಲೊಂದು, ಕಾಲಿಡುವಷ್ಟು. ತುಳಿದು ತುಳಿದು ನುಣ್ಣಗಾಗಿದ್ದವು. ಸಾಲಿನ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಳಗಿನ ಕಟ್ಟೆಯ ಮೇಲೆ ಹಿರಿಯ ಗಂಡಸರು ಕೂರುತ್ತಾರೆ. ಅವರ ಮುಂದೆ ಹಾಯುವ ಸಂಕೋಚಕ್ಕೆ ಆ ಓಣಿಯ ಹೆಂಗಸರು ಅತ್ತೆಯರ ಕಾಲದಿಂದಲೂ ಜರಡಿ ಕೇಳಲು, ಮಜ್ಜಿಗೆ ಕೊಡಲು ಮಾಳಿಗೆಯಿಂದ ಮಾಳಿಗೆಗೇ ಓಡಾಡುತ್ತಾರೆ. ಕಟ್ಟೆಯ ಗಂಡಸರ ಪಾಲಿಗೆ ಅದು ದಾರಿಯೇ ಅಲ್ಲ. ಯಜಮಾನರು ಸುಳ್ಳು ಹೇಳಿರಲಿಲ್ಲ.

ಅವರ ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. "ಕಾಕೂ, ಮ್ಯಾಲಿಂದ ದಾರಿ ಐತಿ ಅಂತ ಒಂದ ಮಾತ ಹೇಳಬಾರ್ದಿತ್ತೇನ್ರಿ?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

"ನೀವು ಅವರನ್ನ ಕೇಳಿದ್ರಿ. ನನ್ನ ಯಾವಾಗ ಕೇಳಿದ್ರಿ?" ಎಂದರು. ಆಮೇಲೆ ಬಡಿಯುವುದನ್ನು ನಿಲ್ಲಿಸಿ, "ಛತ್ರಿ ಮಾತನ್ನ ಎಲ್ಲಾ ದೇಶಕ್ಕೂ ಒಗೀತದ ಅಂತ ನೀವ ಅಂದ್ರೆಲ್ಲ. ಅದನ್ನ ನಾವು ಆಯಿಗೆ ಸನ್ನಿ ಮಾಡಿ ಹೇಳಿದಿವಿ. ಕುರ್ಚಿ ಅಂತೂ ಸಿಗಲಿಲ್ಲ, ಛತ್ರಿ ಮುಂದ ನಿಂತಾದ್ರೂ ಮಗನ ಕೂಡ ಒಂದೆರಡ ಮಾತಾಡಿ ಬರ್ತೇನಿ ಅಂತ ಬಂದಾಳ," ಎಂದರು.

ನಿಂದರಬಾರದು ಎಂದು ಹೇಳಿದ್ದನ್ನೂ ಆಯಿಗೆ ಹೇಳಿದ್ದರಂತೆ. "ನಾ ತಾಯಿ ಅದೇನಿ, ನನಗ್ಯಾರ ಬ್ಯಾಡ ಅಂತಾರ" ಎಂದಳಂತೆ ಆಯಿ.

ಮರುದಿನ ಕಚೇರಿಯ ಜೀಪಿನಲ್ಲಿ ಆಯಿಯನ್ನು ವಿಜಯಪುರದ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಸೊಸೆ ಜೊತೆಗಿದ್ದಳು, ದಾರಿಯುದ್ದಕ್ಕೂ ನನ್ನ ಕೂಡ ಮಾತಾಡಲಿಲ್ಲ. ಡಾಕ್ಟರು ಬೆಳಕು ಬಿಟ್ಟು ನೋಡಿದರು. ಇನ್ನೊಂದು ಕಣ್ಣಿನ ಪೊರೆ ಹಳೆಯದು, ನಿನ್ನೆಯದರಿಂದ ಏನೂ ಆದಂತಿಲ್ಲ, ಒಳ್ಳೆಯ ವೇಳೆಗೆ ಬಂದ್ ಮಾಡಿದ್ದೀರಿ ಎಂದು ನನ್ನನ್ನೇ ಹೊಗಳಿದರು. ಕಚೇರಿಯಿಂದಲೂ ಅದೇ ಮಾತು ಬಂತು, ನಿಯಮದಂತೆ ನಡೆದುಕೊಂಡದ್ದಕ್ಕೆ ಮೆಚ್ಚುಗೆ ಎಂದು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ವಾಪಸ್ ಬರುವಾಗ ಆಯಿ ಹಿಂದಿನ ಸೀಟಿನಿಂದ ನನ್ನ ಹೆಗಲು ಮುಟ್ಟಿದಳು.

"ಯಪ್ಪಾ, ನಾ ಮಾತಾಡಿದ್ದು ಹೋತಿಲ್ಲೋ?"

ಮಾತು ಹೋಗುವುದು ಮೈಕಿನಿಂದ, ಡಿಶ್‌ಗೆ ಕಿವಿ ಇಲ್ಲ ಎಂದು ಹೇಳಬೇಕಿತ್ತು. ಆ ಮಂದ ಕಿವಿಗೆ ಅದನ್ನು ಕೂಗಿ ಹೇಳಬೇಕಿತ್ತು, ಸೊಸೆಯ ಎದುರಿಗೆ. ನನ್ನಿಂದ ಆಗಲಿಲ್ಲ. "ಹೋತು ಬೇ," ಎಂದು ಕೂಗಿದೆ. ಆಯಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಆ ಕಡತ ಓಡಲಿಲ್ಲ, ನಡೆಯಿತು. ಸೊಸೆ ವಿಜಯಪುರದ ಕಚೇರಿಗಳಿಗೆ ಅಲೆದಳು. ವರದಿಗಾರ್ತಿ ತನ್ನ ಕೈಲಾದದ್ದು ಬರೆದಳು. ನಾನೂ ಗುರುತಿನವರಿಗೆಲ್ಲ ಗಂಟು ಬಿದ್ದೆ. ನಡುವೆ ಯಾವಾಗಲೋ ಅವನ ಫೋನ್ ಹತ್ತಿತು, ಜೀವದಿಂದಿದ್ದಾನೆ ಎಂದು ತಿಳಿಯಿತು. ಬರಲು ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಜೋಳದ ರಾಶಿಯ ವೇಳೆಗೆ ಆಯಿಗೆ ಜ್ವರ ಬಂತು, ಇಳಿಯಲಿಲ್ಲ, ಅದರಲ್ಲೇ ತೀರಿಕೊಂಡಳು. ಮಗ ಬಂದದ್ದು ಮುಂಗಾರು ಬಿತ್ತನೆಯ ಹೊತ್ತಿಗೆ. ನೇರ ಪ್ರಸಾರ ಪೂರ್ತಿಯಾಗಿದ್ದರೆ ಬೇಗ ಬರುತ್ತಿದ್ದನೇ? ಮಂತ್ರಿಗಳ ಮಾತು ಅಷ್ಟು ಗಟ್ಟಿಯೇ? ಯಾರೂ ಹೇಳಲಾರರು, ಅದೇ ನನ್ನನ್ನು ತಿನ್ನುತ್ತದೆ. ಆಯಿಯ ಕಣ್ಣು ಉಳಿಯಿತು. ಆ ಕಣ್ಣಿಗೆ ಮಗ ಸಿಗಲಿಲ್ಲ.

ಅವನು ಬಂದ ಸುದ್ದಿ ತಿಳಿದು ನಿಡೋಣಿಗೆ ಹೋದೆ, ಈ ಸಲ ಬಸ್ಸಿನಲ್ಲಿ. ಅವನು ಅಂಗಳದಲ್ಲಿ ಕೂತಿದ್ದ. ಸೊರಗಿದ್ದ. ಅವನ ಹೆಂಡತಿ ನನಗೆ ಕುರ್ಚಿ ಹಾಕಿ, ಚಹಾ ತಂದಿಟ್ಟು, "ಇವರರಿ, ಛತ್ರಿ ಅಣ್ಣಾರು," ಎಂದು ಪರಿಚಯ ಮಾಡಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವನು ನನ್ನ ಕುರ್ಚಿಯ ಹತ್ತಿರಕ್ಕೆ ಸರಿದು ಕೂತ. ಆಮೇಲೆ, "ಅಣ್ಣಾರ, ನಿಮ್ಮನ್ನ ಒಂದು ಕೇಳಬೇಕಾಗಿತ್ತು," ಎಂದ. "ಫೋನ್ ಚಾಲೂ ಆದ ಮ್ಯಾಲ ನಮ್ಮವ್ವ ಮದಲ ಕೇಳಿದ್ದ ಇದು. ಛತ್ರಿ ಮುಂದ ನಿಂತು ಮಾತಾಡೇನಿ, ಹೋಗೇತಿ ಅಂತ ಆ ಸಾಹೇಬ ಹೇಳ್ಯಾನ, ನಿನಗ ಕೇಳ್ತಿಲ್ಲೋ ಅಂದ್ಲು. ನಾ ಆಕಿ ಮನಸಿಗೆ ಯಾಕ ಬ್ಯಾಸರ ಮಾಡಬೇಕಂತ, ಕೇಳ್ತು ಬೇ ಅಂತ ಒದರಿ ಹೇಳಿದ್ನಿ. ಕೇಳಿದ್ದ ಖರೇ ಆದ್ರ ಮತ್ತ ಹೇಳೂದೇನೈತಿ ಅಂತ ಆಕಿ ಮತ್ತ ಹೇಳಲೇ ಇಲ್ಲ. ಏನಂದ್ಲರಿ ನಮ್ಮವ್ವ?"

ಆ ಜೀಪಿನಲ್ಲಿ ನಾನು ಕೂಗಿ ಹೇಳಿದ 'ಹೋತು ಬೇ' ಇಲ್ಲಿಯವರೆಗೆ ಬಂದು ಮುಟ್ಟಿತ್ತು. ಇವನಿಗೂ ಒಂದು ಸುಳ್ಳು ಹೇಳಬಹುದಿತ್ತು. ತಾಯಂದಿರು ಹೇಳುವ ಮಾತು ಯಾರಿಗೆ ಗೊತ್ತಿಲ್ಲ.

"ಜನರೇಟರ್ ಸದ್ದಿನ್ಯಾಗ ನನಗ ಏನೂ ಕೇಳಲಿಲ್ಲಪ್ಪಾ," ಎಂದೆ. "ತುಟಿ ಆಡೂದಷ್ಟ ಕಂಡೇನಿ."

ಅವನು ತಲೆಯಾಡಿಸಿದ. ಆಯಿ ಕೂರುತ್ತಿದ್ದ ಬಾಗಿಲ ಕಡೆ ನೋಡಿದ.

"ನೀವು ಬಂದ್ ಮಾಡೂದ್ರಾಗ ಮಾತ ಮುಗಿಸಿದ್ಲೇನ್ರಿ?"

"ಇಲ್ಲ," ಎಂದೆ. "ಬಂದ್ ಮಾಡಿ, ಕೀಲಿ ತಗದು, ನಾ ಮ್ಯಾಲ ಬರೂತನಕಾನೂ ಮಾತಾಡ್ತನ ಇದ್ರು."